ಲಾಕ್ ಹಾಕೋದಾ, ಮರ್ಜ್ ಮಾಡೋದಾ? ತಂಡಕ್ಕೆ ವರ್ಷನ್ ಕಂಟ್ರೋಲ್ ಆರಿಸುವಾಗ

ಒಂದೇ ಕೋಡ್ ಮೇಲೆ ನಾಲ್ಕು ಜನ ಕೂತರೆ ಸಾಕು, ಆ ಪ್ರಶ್ನೆ ಬಂದೇ ಬರುತ್ತದೆ. ನಾನು ತಿದ್ದುತ್ತಿರುವ ಫೈಲನ್ನು ಅದೇ ಹೊತ್ತಿಗೆ ಇನ್ನೊಬ್ಬರೂ ತಿದ್ದಬಹುದಾ? ಬೇಡ ಅಂದರೆ ಲಾಕ್ ಬೇಕು. ತಿದ್ದಲಿ ಬಿಡಿ ಅಂದರೆ ಇಬ್ಬರ ಬದಲಾವಣೆಗಳನ್ನೂ ಆಮೇಲೆ ಸೇರಿಸಬೇಕು, ಅಂದರೆ ಮರ್ಜ್ ಮಾಡಬೇಕು. ಫೈಲ್‌ಗಳ ಪ್ರತಿ ಬದಲಾವಣೆಯ ಲೆಕ್ಕ ಇಡುವ ವರ್ಷನ್ ಕಂಟ್ರೋಲ್ ಟೂಲ್‌ಗಳಾದ ಗಿಟ್, ಸಬ್‌ವರ್ಷನ್, ಪರ್ಫೋರ್ಸ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಗಂಟೆಗಟ್ಟಲೆ ವಾದ ಮಾಡುವವರು ಮೊದಲು ಇದನ್ನು ಕೇಳಿಕೊಂಡರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಟೂಲ್ ನೋಡಿ ನಿರ್ಧರಿಸಬೇಡಿ, ಫೈಲ್ ನೋಡಿ ನಿರ್ಧರಿಸಿ. ಮರ್ಜ್ ಆಗುವ ಫೈಲಿಗೆ ಲಾಕ್ ಬೇಡ. ಮರ್ಜ್ ಆಗದ ಫೈಲಿಗೆ ಲಾಕ್ ಇಲ್ಲದೆ ಗತಿಯಿಲ್ಲ. ನಿಮ್ಮ ರೆಪೊದಲ್ಲಿ (ಪ್ರಾಜೆಕ್ಟಿನ ಫೈಲ್‌ಗಳೂ ಅವುಗಳ ಇತಿಹಾಸವೂ ಇರುವ ಭಂಡಾರ) ಯಾವ ಬಗೆಯ ಫೈಲ್ ಜಾಸ್ತಿ ಇದೆ ಅನ್ನೋದು ಗೊತ್ತಾದ ಮೇಲೆ ಟೂಲ್ ಆರಿಸುವುದು ಅಷ್ಟೇನೂ ಕಷ್ಟವಲ್ಲ.

ಲಾಕ್: ಹಳೆಯ ದಾರಿ, ಅದರ ತಲೆನೋವು

ಶುರುವಿನಲ್ಲಿ ಎಲ್ಲರೂ ಲಾಕ್ ಹಾಕುತ್ತಿದ್ದವರೇ. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಎಸ್‌ಸಿಸಿಎಸ್ ಆಗಲಿ, ಅದಾದ ಸುಮಾರು ಹತ್ತು ವರ್ಷಕ್ಕೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆರ್‌ಸಿಎಸ್ ಆಗಲಿ, ಎರಡೂ ನಡೆದದ್ದು ಒಂದೇ ಕ್ರಮದಲ್ಲಿ. ಫೈಲನ್ನು ಚೆಕ್‌ಔಟ್ ಮಾಡಿ, ಲಾಕ್ ನಿಮ್ಮ ಹೆಸರಿಗೆ ಬೀಳುತ್ತದೆ. ತಿದ್ದಿ, ಚೆಕ್‌ಇನ್ ಮಾಡಿ, ಲಾಕ್ ಬಿಡುತ್ತದೆ. ನಡುವೆ ಬೇರೆಯವರು ಓದಬಹುದು, ತಿದ್ದುವಂತಿಲ್ಲ. ಮುಂದೆ ಮೈಕ್ರೋಸಾಫ್ಟ್‌ನ ವಿಷುವಲ್ ಸೋರ್ಸ್‌ಸೇಫ್ ಬಳಸಿದವರಿಗೂ ಇದೇ ಅಭ್ಯಾಸ.

ಕೇಳಲು ಚೆನ್ನಾಗಿದೆ. ಆದರೆ ಒಬ್ಬರು ಸಂಜೆ ಐದಕ್ಕೆ ಫೈಲ್ ಲಾಕ್ ಮಾಡಿ ರಜೆ ಮೇಲೆ ಹೋದರೆ? ಸೀಟಿಗೆ ಟವೆಲ್ ಹಾಕಿ ಹೋದ ಹಾಗೆ. ಜಾಗ ಖಾಲಿ ಇದೆ, ಕೂರುವಂತಿಲ್ಲ. ಆಮೇಲೆ ಅಡ್ಮಿನ್ ಹುಡುಕಬೇಕು, ಲಾಕ್ ಒಡೆಸಬೇಕು. ರಜೆ ಮುಗಿಸಿ ಬಂದವರು ತಮ್ಮ ಹಳೆಯ ಪ್ರತಿಯ ಮೇಲೆ ತಿದ್ದಿದ್ದನ್ನು ಹೊಸದರ ಜೊತೆ ಕೈಯಾರೆ ಸೇರಿಸಬೇಕು. ಯಾವ ಮರ್ಜ್ ತಪ್ಪಿಸಲು ಲಾಕ್ ತಂದೆವೋ ಅದೇ ಮರ್ಜ್, ಆದರೆ ಈ ಸಲ ಟೂಲಿನ ಸಹಾಯ ಇಲ್ಲದೆ.

ಇದಕ್ಕಿಂತ ದೊಡ್ಡ ತೊಂದರೆ ಸಾಲುಗಟ್ಟುವುದು. ಎರಡು ಸಾವಿರ ಸಾಲಿನ ಒಂದು ಫೈಲಿನಲ್ಲಿ ಒಬ್ಬರಿಗೆ ಮೇಲಿನ ಫಂಕ್ಷನ್ ಬೇಕು, ಇನ್ನೊಬ್ಬರಿಗೆ ಕೊನೆಯದು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಾಗುವುದೇ ಇಲ್ಲ. ಆದರೂ ಒಬ್ಬರು ಕಾಯಬೇಕು.

ಈ ಕಾಯುವಿಕೆಗೆ ಬೇಸತ್ತೇ ಸಿವಿಎಸ್ ಹುಟ್ಟಿದ್ದು. ಆಮ್‌ಸ್ಟರ್‌ಡ್ಯಾಮ್‌ನ ಉಪನ್ಯಾಸಕ ಡಿಕ್ ಗ್ರೂನ್ ತಮ್ಮ ಇಬ್ಬರು ವಿದ್ಯಾರ್ಥಿಗಳ ಜೊತೆ ಸಿ ಕಂಪೈಲರ್ ಬರೆಯುತ್ತಿದ್ದರು. ಮೂವರ ಕೆಲಸದ ಸಮಯ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಲಾಕ್ ಬಿಡುವವರೆಗೆ ಕಾಯುವ ಬದಲು ಪ್ರತಿಯೊಬ್ಬರೂ ತಮ್ಮ ಪ್ರತಿಯ ಮೇಲೆ ಕೆಲಸ ಮಾಡಿ ಆಮೇಲೆ ಸೇರಿಸೋಣ ಅಂತ ಆರ್‌ಸಿಎಸ್ ಮೇಲೆ ಒಂದಷ್ಟು ಸ್ಕ್ರಿಪ್ಟ್ ಬರೆದು 1986ರಲ್ಲಿ ಹಂಚಿದರು. ಇವತ್ತು ನಾವು ಸಹಜ ಅಂದುಕೊಳ್ಳುವ ಕ್ರಮ ಹರಡಿದ್ದು ಅಲ್ಲಿಂದ.

ಮರ್ಜ್ ನಿಜಕ್ಕೂ ಏನು ಮಾಡುತ್ತದೆ

ಮರ್ಜ್ ಅಂದರೆ ಹೆದರುವವರು ತುಂಬಾ ಜನ. ಹೆದರಿಕೆಗೆ ಕಾರಣ ಅದು ಏನು ನೋಡುತ್ತದೆ ಅಂತ ಗೊತ್ತಿಲ್ಲದಿರುವುದು. ಅದು ನೋಡುವುದು ಮೂರು ಪ್ರತಿಗಳನ್ನು: ನಿಮ್ಮದು, ಇನ್ನೊಬ್ಬರದು, ಇಬ್ಬರೂ ಎಲ್ಲಿಂದ ಹೊರಟಿರೋ ಆ ಮೂಲ. ಮೂಲಕ್ಕೆ ಹೋಲಿಸಿದರೆ ಒಂದು ಜಾಗದಲ್ಲಿ ಒಬ್ಬರು ಮಾತ್ರ ಬದಲಾಯಿಸಿದ್ದರೆ ಆ ಬದಲಾವಣೆ ಸುಮ್ಮನೆ ಒಳಗೆ ಬರುತ್ತದೆ. ಇಬ್ಬರೂ ಅದೇ ಜಾಗವನ್ನು ಬೇರೆ ಬೇರೆ ರೀತಿ ಬದಲಾಯಿಸಿದ್ದರೆ ಮಾತ್ರ ಕಾನ್‌ಫ್ಲಿಕ್ಟ್.

ಒಂದು ಉದಾಹರಣೆ ತೆಗೆದುಕೊಳ್ಳಿ. ಟೈಮ್‌ಔಟ್ 30 ಸೆಕೆಂಡ್ ಅಂತ ಒಂದು ಸಾಲು ಇದೆ. ನೀವು ಅದನ್ನು 60 ಮಾಡಿದಿರಿ. ಸಹೋದ್ಯೋಗಿ 10 ಮಾಡಿದರು. ಮರ್ಜ್ ಮಾಡಿದಾಗ ಗಿಟ್ ಡೀಫಾಲ್ಟ್ ಆಗಿ ತೋರಿಸುವುದು ಎರಡೇ: 60 ಮತ್ತು 10. ಯಾವುದು ಹಳೆಯದು, ಯಾರು ಯಾವ ಕಡೆಗೆ ಹೋದರು ಅನ್ನೋದು ಕಾಣುವುದಿಲ್ಲ. ಕಾನ್‌ಫ್ಲಿಕ್ಟ್ ತೋರಿಸುವ ಬಗೆಯನ್ನು ಡಿಫ್3 ಅಥವಾ 2022ರಿಂದ ಗಿಟ್‌ನಲ್ಲಿರುವ ಝಡ್‌ಡಿಫ್3ಗೆ ಬದಲಿಸಿ ನೋಡಿ. ನಡುವೆ ಮೂಲದ 30 ಕೂಡ ಕಾಣುತ್ತದೆ. ಆಗ ಗೊತ್ತಾಗುತ್ತದೆ, ನೀವು ಹೆಚ್ಚಿಸಿದಿರಿ, ಅವರು ಇಳಿಸಿದರು. ಇಬ್ಬರಿಗೂ ಬೇರೆ ಬೇರೆ ಕಾರಣ ಇದೆ. ಇದು ಎದ್ದು ಹೋಗಿ ಮಾತಾಡಬೇಕಾದ ವಿಷಯ, ಒಂದು ಸಾಲು ಅಳಿಸಿ ಮುಂದೆ ಹೋಗುವಂಥದ್ದಲ್ಲ. ಈ ಒಂದು ಸೆಟ್ಟಿಂಗ್ ಇಡೀ ತಂಡಕ್ಕೆ ಹಾಕಿಸಿ. ಮರ್ಜ್ ಬಗ್ಗೆ ಬರುವ ದೂರುಗಳಲ್ಲಿ ಒಳ್ಳೆಯ ಪಾಲು ಅಲ್ಲೇ ಕರಗುತ್ತದೆ.

ಈಗ ಅದೇ ಉದಾಹರಣೆಯನ್ನು ಸ್ವಲ್ಪ ತಿರುಗಿಸಿ. ನೀವು ಆ ಫಂಕ್ಷನ್ ಸೆಕೆಂಡಿನ ಬದಲು ಮಿಲಿಸೆಕೆಂಡ್ ತೆಗೆದುಕೊಳ್ಳುವಂತೆ ಬದಲಾಯಿಸಿ, ಅದನ್ನು ಕರೆಯುವ ಎಲ್ಲ ಕಡೆ 30ನ್ನು 30,000 ಮಾಡಿದಿರಿ. ಅದೇ ದಿನ ಸಹೋದ್ಯೋಗಿ ಬೇರೊಂದು ಹೊಸ ಫೈಲಿನಲ್ಲಿ ಅದೇ ಫಂಕ್ಷನ್ನಿಗೆ 30 ಅಂತ ಕೊಟ್ಟು ಕರೆದರು. ಅವರ ಪ್ರತಿಯಲ್ಲಿ ಅದಿನ್ನೂ ಸೆಕೆಂಡ್. ಎರಡೂ ಮರ್ಜ್ ಆದವು, ಒಂದೇ ಒಂದು ಕಾನ್‌ಫ್ಲಿಕ್ಟ್ ಇಲ್ಲ, ಕಂಪೈಲ್ ಕೂಡ ಆಯಿತು. ಆದರೆ ಆ ಹೊಸ ಕರೆ 30 ಮಿಲಿಸೆಕೆಂಡಿಗೇ ಟೈಮ್‌ಔಟ್ ಆಗಿ ಬೀಳುತ್ತದೆ.

ಲಾಕ್ ಇದ್ದಿದ್ದರೆ ಇದು ತಪ್ಪುತ್ತಿತ್ತಾ? ಇಲ್ಲ. ಇಬ್ಬರೂ ಮುಟ್ಟಿದ್ದು ಬೇರೆ ಬೇರೆ ಫೈಲ್. ಇಬ್ಬರೂ ತಮ್ಮ ತಮ್ಮ ಫೈಲನ್ನು ಶಿಸ್ತಾಗಿ ಲಾಕ್ ಮಾಡಿಕೊಂಡು, ಶಿಸ್ತಾಗಿ ಬಿಡುಗಡೆ ಮಾಡಿ, ಶಿಸ್ತಾಗಿ ಬಗ್ ಹಾಕುತ್ತಿದ್ದರು. ಲಾಕ್ ಕಾಯುವುದು ಫೈಲನ್ನು. ಕೋಡಿನ ತಪ್ಪುಗಳು ಫೈಲ್‌ಗಳ ನಡುವೆ ಹುಟ್ಟುತ್ತವೆ. ಅದನ್ನು ಹಿಡಿಯಬೇಕಾದದ್ದು ಟೆಸ್ಟ್, ರಿವ್ಯೂ, ಮರ್ಜ್ ಆದ ನಂತರದ ಬಿಲ್ಡ್. "ಲಾಕ್ ಇದೆಯಲ್ಲ" ಅನ್ನೋ ಧೈರ್ಯ ಕೋಡಿನ ವಿಷಯದಲ್ಲಿ ಸುಳ್ಳು ಧೈರ್ಯ ಅನ್ನೋದು ಇದಕ್ಕೇ.

ಹಾಗಾದರೆ ಲಾಕ್ ಯಾವುದಕ್ಕೆ ಬೇಕು

ಫೋಟೋಶಾಪ್ ಫೈಲ್, 3ಡಿ ಮಾಡೆಲ್, ಆಡಿಯೋ, ಕ್ಯಾಡ್ ಡ್ರಾಯಿಂಗ್, ಗೇಮ್ ಕಟ್ಟುವ ಅನ್‌ರಿಯಲ್ ಎಂಜಿನ್ನಿನ ಅಸೆಟ್ (ಚಿತ್ರ, ಮಾಡೆಲ್, ಶಬ್ದದಂಥ ಸಾಮಗ್ರಿ) ಫೈಲ್. ಇವುಗಳಲ್ಲಿ ಸಾಲು ಅನ್ನೋದೇ ಇಲ್ಲ. ಇಬ್ಬರು ಒಂದೇ ಮಾಡೆಲ್ ಮೇಲೆ ಇಡೀ ದಿನ ಕೂತರೆ ಸಂಜೆ ಒಬ್ಬರ ಕೆಲಸ ಉಳಿಯುತ್ತದೆ, ಇನ್ನೊಬ್ಬರದು ಕಸದ ಬುಟ್ಟಿಗೆ. ಇಲ್ಲಿ ಲಾಕ್ ಬೇಕೇ ಬೇಕು. ಅದೂ ಕೆಲಸ ಮುಗಿದ ಮೇಲೆ "ಆಗಲ್ಲ" ಅನ್ನುವ ಲಾಕ್ ಅಲ್ಲ, ಫೈಲ್ ತೆರೆಯುವ ಮೊದಲೇ ಎಚ್ಚರಿಸುವ ಲಾಕ್.

ನಡುವೆ ಒಂದು ಜಾತಿ ಇದೆ. ನೋಡಲು ಪಠ್ಯ, ಮರ್ಜ್ ಮಾಡಲು ಹೋದರೆ ಗೋಳು. ಯೂನಿಟಿ ಗೇಮ್ ಎಂಜಿನ್ನಿನ ಸೀನ್ ಫೈಲ್‌ಗಳು, ಎಕ್ಸ್‌ಕೋಡ್ ಪ್ರಾಜೆಕ್ಟ್ ಫೈಲ್, ಜುಪಿಟರ್ ನೋಟ್‌ಬುಕ್. ಲಾಕ್ ಹಾಕುವ ಮೊದಲು ಆ ಫೈಲಿಗೇ ಅಂತ ಮಾಡಿದ ಮರ್ಜ್ ಟೂಲ್ ಇದೆಯಾ ನೋಡಿ. ಯೂನಿಟಿ ತನ್ನ ಜೊತೆಗೇ ಒಂದು ಸ್ಮಾರ್ಟ್ ಮರ್ಜ್ ಕೊಡುತ್ತದೆ. ನೋಟ್‌ಬುಕ್‌ಗೆ ಎನ್‌ಬಿಡೈಮ್ ಇದೆ. ಇನ್ನು ಲೈಬ್ರರಿಗಳನ್ನು ತಂದುಕೊಡುವ ಎನ್‌ಪಿಎಂ ತರಹದ ಟೂಲ್‌ಗಳು ತಾವೇ ತಯಾರಿಸುವ ಪ್ಯಾಕೇಜ್-ಲಾಕ್ ಫೈಲಿನಲ್ಲಿ (ಈ ಲಾಕ್ ಬೇರೆ) ಕಾನ್‌ಫ್ಲಿಕ್ಟ್ ಬಂದರೆ ಕೈಯಲ್ಲಿ ತಿದ್ದಲು ಹೋಗಲೇಬೇಡಿ. ಮೂಲ ಪಟ್ಟಿಯನ್ನು ಸರಿಮಾಡಿ, ಇನ್‌ಸ್ಟಾಲ್ ಇನ್ನೊಮ್ಮೆ ಓಡಿಸಿ, ಅದು ಮತ್ತೆ ತಯಾರಾಗಲಿ.

ಗಿಟ್

ಲಿನಕ್ಸ್ ಕರ್ನಲ್ ತಂಡಕ್ಕೆ ಬಿಟ್‌ಕೀಪರ್ ಅನ್ನೋ ವರ್ಷನ್ ಕಂಟ್ರೋಲ್ ಟೂಲಿನ ಉಚಿತ ಬಳಕೆ ತಪ್ಪಿಹೋದಾಗ ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆಯಲು ಕೂತದ್ದು ಗಿಟ್. ಪ್ರತಿಯೊಬ್ಬರ ಬಳಿ ಪೂರ್ತಿ ಇತಿಹಾಸದ ಪ್ರತಿ ಇರುತ್ತದೆ. ನೆಟ್‌ವರ್ಕ್ ಇಲ್ಲದೆಯೂ ಕಮಿಟ್ (ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸುವುದು), ಲಾಗ್ (ಆ ಇತಿಹಾಸ ನೋಡುವುದು), ಬ್ರಾಂಚ್ (ಕೋಡಿನ ಬೇರೆ ಕವಲು ಮಾಡಿಕೊಳ್ಳುವುದು) ಎಲ್ಲ ನಡೆಯುತ್ತದೆ. ಬ್ರಾಂಚ್ ಮಾಡುವುದು ಕ್ಷಣದ ಕೆಲಸ. ಮರ್ಜ್ ಚುರುಕು.

ಇದೇ ಕಾರಣಕ್ಕೆ ಅದರಲ್ಲಿ ಲಾಕ್ ಇಲ್ಲ. ಲಾಕ್ ಬೇಕಾದರೆ ಯಾರನ್ನಾದರೂ ಕೇಳಬೇಕು. ಎಲ್ಲರ ಪ್ರತಿಯೂ ಸಮಾನ ಅಂದ ಮೇಲೆ ಯಾರನ್ನು ಕೇಳೋದು? ಒಬ್ಬರು ರೈಲಿನಲ್ಲಿ ಕೂತು ನೆಟ್ ಇಲ್ಲದೆ ಕಮಿಟ್ ಮಾಡುತ್ತಿದ್ದರೆ ಅವರಿಗೆ ಲಾಕಿನ ಸುದ್ದಿ ಮುಟ್ಟಿಸುವವರು ಯಾರು?

ಬರೀ ಕೋಡ್ ಇರುವ ತಂಡಕ್ಕೆ ಇದು ಕೊರತೆಯೇ ಅಲ್ಲ. ದೊಡ್ಡ ಬೈನರಿ ಫೈಲ್ (ಪಠ್ಯವಲ್ಲದ ಚಿತ್ರ, ವಿಡಿಯೋ, ಮಾಡೆಲ್) ಬಂದಾಗ ಗಿಟ್‌ಗೆ ಉಸಿರು ಕಟ್ಟುತ್ತದೆ. ಒಂದು ವಿಡಿಯೋವನ್ನು ಇಪ್ಪತ್ತು ಸಲ ಬದಲಾಯಿಸಿ ಕಮಿಟ್ ಮಾಡಿದರೆ ಇಪ್ಪತ್ತೂ ಪ್ರತಿ ಎಲ್ಲರ ಕ್ಲೋನ್‌ನಲ್ಲಿ, ಅಂದರೆ ಅವರವರ ಬಳಿ ಇರುವ ರೆಪೊದ ಪ್ರತಿಯಲ್ಲಿ. ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಹಾಗೇ ಕೂತಿರುತ್ತದೆ. ಗಿಟ್ ರೆಪೊಗಳನ್ನು ಇಡುವ ತಾಣ ಗಿಟ್‌ಹಬ್ ಅಂತೂ 100 ಎಂಬಿ ದಾಟಿದ ಫೈಲ್ ಇದ್ದರೆ ಪುಶ್ (ಸರ್ವರ್‌ಗೆ ಕಳಿಸುವುದು) ತಡೆಯುತ್ತದೆ. ಮೈಕ್ರೋಸಾಫ್ಟ್ 2017ರಲ್ಲಿ ವಿಂಡೋಸ್ ಕೋಡನ್ನು, ಸುಮಾರು 300 ಜಿಬಿ, ಗಿಟ್‌ಗೆ ತಂದದ್ದು ನಿಜ. ಆದರೆ ಅದಕ್ಕಾಗಿ ಒಂದು ವರ್ಚುವಲ್ ಫೈಲ್ ಸಿಸ್ಟಮ್ಮನ್ನೇ ಕಟ್ಟಬೇಕಾಯಿತು. ಅಷ್ಟು ತಾಕತ್ತು ನಿಮ್ಮ ತಂಡಕ್ಕೆ ಇಲ್ಲ ಅಂದರೆ ಮುಂದಿನದನ್ನು ಓದಿ.

ಗಿಟ್ ಜೊತೆ ಎಲ್‌ಎಫ್‌ಎಸ್

ಗಿಟ್‌ಗೆ ಸೇರಿಸಿಕೊಳ್ಳುವ ಎಲ್‌ಎಫ್‌ಎಸ್ (ಲಾರ್ಜ್ ಫೈಲ್ ಸ್ಟೋರೇಜ್) 2015ರಲ್ಲಿ ಬಂತು. ದೊಡ್ಡ ಫೈಲ್ ಸರ್ವರ್‌ನಲ್ಲಿ ಬೇರೆ ಕಡೆ ಇರುತ್ತದೆ, ರೆಪೊದಲ್ಲಿ ಅದರ ಗುರುತಿನ ಪುಟ್ಟ ಪಠ್ಯ ಮಾತ್ರ. 2017ರ 2.0 ಆವೃತ್ತಿಯಲ್ಲಿ ಲಾಕ್ ಕೂಡ ಸೇರಿತು. ಒಂದು ಬಗೆಯ ಫೈಲನ್ನು 'ಲಾಕೆಬಲ್' ಅಂತ ಗುರುತು ಮಾಡಿದರೆ ಅದು ಎಲ್ಲರ ಕಂಪ್ಯೂಟರಿನಲ್ಲೂ ಓದಲು ಮಾತ್ರ ಸಿಗುತ್ತದೆ. ತಿದ್ದಬೇಕಾದರೆ ಗಿಟ್ ಎಲ್‌ಎಫ್‌ಎಸ್ ಲಾಕ್ ಅಂತ ಹೇಳಿ ಪಡೆಯಬೇಕು. ಬೇರೆಯವರ ಲಾಕ್ ಇರುವ ಫೈಲನ್ನು ಪುಶ್ ಮಾಡಲು ಹೋದರೆ ತಡೆಯುತ್ತದೆ. ನಿಮ್ಮ ಸರ್ವರ್ ಲಾಕ್ ಸೌಲಭ್ಯ ಕೊಡುತ್ತದಾ ಅನ್ನೋದನ್ನು ಮೊದಲೇ ನೋಡಿಕೊಳ್ಳಿ.

ಇದರಲ್ಲಿ ಒಂದು ಹಳ್ಳ ಇದೆ, ತುಂಬಾ ತಂಡಗಳು ಬೀಳುವುದು ಅಲ್ಲೇ. ಲಾಕ್ ಇರುವುದು ಫೈಲಿನ ಹೆಸರಿಗೆ. ಕೆಲಸ ಇರುವುದು ಬ್ರಾಂಚಿನಲ್ಲಿ. ನೀವು ನಿಮ್ಮ ಬ್ರಾಂಚಿನಲ್ಲಿ ಮಾಡೆಲ್ ತಿದ್ದಿ, ಪುಶ್ ಮಾಡಿ, ಲಾಕ್ ಬಿಟ್ಟಿರಿ. ಆ ಬ್ರಾಂಚ್ ಇನ್ನೂ ಮೇನ್‌ಗೆ, ಅಂದರೆ ತಂಡದ ಮುಖ್ಯ ಬ್ರಾಂಚಿಗೆ, ಸೇರಿಲ್ಲ. ಸಹೋದ್ಯೋಗಿ ಮೇನ್‌ನಿಂದ ಹೊರಟು ಅದೇ ಫೈಲಿನ ಲಾಕ್ ಕೇಳಿದರು. ಸಿಕ್ಕಿತು, ಯಾಕೆಂದರೆ ಬಿಡುವಾಗಿತ್ತು. ಅವರು ತಿದ್ದಿದ್ದು ಹಳೆಯ ಪ್ರತಿಯನ್ನು. ಇಬ್ಬರೂ ನಿಯಮ ಪಾಲಿಸಿದರು, ಆದರೂ ಒಬ್ಬರ ಕೆಲಸ ಹೋಯಿತು. ಹಾಗಾಗಿ ಎರಡು ಕಟ್ಟುಪಾಡು ಇಟ್ಟುಕೊಳ್ಳಿ: ಬೈನರಿ ಫೈಲ್ ಬದಲಾವಣೆ ಒಂದೇ ಬ್ರಾಂಚಿನಲ್ಲಿ ನಡೆಯಲಿ, ಮತ್ತು ಮೇನ್‌ಗೆ ಸೇರುವವರೆಗೆ ಲಾಕ್ ಬಿಡಬೇಡಿ.

ಎಲ್‌ಎಫ್‌ಎಸ್ ಬೇಕಾ ಬೇಡವಾ ಅನ್ನೋದನ್ನು ರೆಪೊ ಶುರು ಮಾಡುವಾಗಲೇ ನಿರ್ಧರಿಸಿದರೆ ಒಳ್ಳೆಯದು. ಆಮೇಲೆ ತರಬಹುದು, ಆದರೆ ಹಳೆಯ ದೊಡ್ಡ ಫೈಲ್‌ಗಳನ್ನು ಹೊರಗೆ ಹಾಕಲು ಇತಿಹಾಸವನ್ನೇ ತಿರುಗಿ ಬರೆಯಬೇಕು. ಅಂದರೆ ಎಲ್ಲರೂ ಕೈಯಲ್ಲಿರುವ ಕೆಲಸ ನಿಲ್ಲಿಸಿ ಹೊಸದಾಗಿ ಕ್ಲೋನ್ ಮಾಡಬೇಕು. ಯಾರಾದರೂ ಒಬ್ಬರು ಹಳೆಯ ಬ್ರಾಂಚ್ ಪುಶ್ ಮಾಡಿದರೆ ಆ ಹೊರೆ ಮತ್ತೆ ವಾಪಸ್.

ಸಬ್‌ವರ್ಷನ್

ಇದರ ಹೆಸರೆತ್ತಿದರೆ ನಗುವವರಿದ್ದಾರೆ. ನನಗೆ ಆ ನಗು ಅರ್ಥವಾಗುವುದಿಲ್ಲ. ಸಿವಿಎಸ್‌ನ ಜಾಗ ತುಂಬಲು 2000ದಲ್ಲಿ ಶುರುವಾಗಿ 2004ರಲ್ಲಿ 1.0 ಆದ ಟೂಲ್ ಇದು. 2005ರಲ್ಲಿ ಬಂದ 1.2ರಲ್ಲಿ ಲಾಕ್ ಸೇರಿತು. ಒಂದೇ ಸರ್ವರ್ ಇರುವುದರಿಂದ ಲಾಕ್ ಇಲ್ಲಿ ಸಹಜವಾಗಿ ಕೂರುತ್ತದೆ.

ಫೈಲಿಗೆ 'ನೀಡ್ಸ್-ಲಾಕ್' ಅನ್ನೋ ಗುಣ ಹಚ್ಚಿದರೆ ಲಾಕ್ ಪಡೆಯುವವರೆಗೂ ಅದು ಓದಲು ಮಾತ್ರ. ಲಾಕ್ ಪಡೆಯುವಾಗ ಯಾಕೆ ಅಂತ ಒಂದು ಸಾಲು ಬರೆಯಬಹುದು, ಬೇರೆಯವರಿಗೆ ಕಾಣುತ್ತದೆ. ರಜೆ ಮೇಲೆ ಹೋದವರ ಲಾಕನ್ನು ಒಡೆಯಬಹುದು, ಇಲ್ಲವೇ ಕಸಿದುಕೊಂಡು ನಿಮ್ಮ ಹೆಸರಿಗೆ ಮಾಡಿಕೊಳ್ಳಬಹುದು. ಯಾರಿಗೆ ಆ ಅಧಿಕಾರ ಅನ್ನೋದನ್ನು ಸರ್ವರ್‌ನ ಹುಕ್ ಸ್ಕ್ರಿಪ್ಟ್‌ನಲ್ಲಿ (ಲಾಕ್, ಕಮಿಟ್‌ನಂಥದ್ದು ನಡೆದಾಗ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ) ತೀರ್ಮಾನಿಸಬಹುದು, ಲಾಕ್ ಒಡೆದ ಕೂಡಲೇ ಹಳೆಯ ಮಾಲೀಕರಿಗೆ ಮೇಲ್ ಹೋಗುವಂತೆಯೂ ಮಾಡಬಹುದು. ಒಂದು ಎಚ್ಚರ: ಕಮಿಟ್ ಮಾಡಿದಾಗ ಅದರ ವ್ಯಾಪ್ತಿಯಲ್ಲಿರುವ ಲಾಕ್‌ಗಳೆಲ್ಲ ಬಿಡುಗಡೆಯಾಗುತ್ತವೆ, ನೀವು ಮುಟ್ಟದ ಫೈಲಿನದ್ದೂ ಸೇರಿ. ಬೇಡ ಅಂದರೆ 'ನೋ-ಅನ್‌ಲಾಕ್' ಅಂತ ಹೇಳಬೇಕು.

ಇನ್ನೊಂದು ಅನುಕೂಲ ಫೋಲ್ಡರ್ ಮಟ್ಟದ ಅನುಮತಿ. ಈ ಫೋಲ್ಡರ್ ಈ ತಂಡ ಮಾತ್ರ ಓದಲಿ ಅಂತ ಹೇಳಬಹುದು. ಗಿಟ್‌ನಲ್ಲಿ ರೆಪೊ ಸಿಕ್ಕಿತು ಅಂದರೆ ಒಳಗಿರುವುದೆಲ್ಲ ಸಿಕ್ಕ ಹಾಗೆ. ಸೋಲುವುದು ಬ್ರಾಂಚ್ ವಿಷಯದಲ್ಲಿ. 2008ರ 1.5ರವರೆಗೆ ಯಾವುದು ಮರ್ಜ್ ಆಗಿದೆ ಅಂತ ಅದಕ್ಕೇ ನೆನಪಿರುತ್ತಿರಲಿಲ್ಲ. ಆಮೇಲೆ ಸುಧಾರಿಸಿತು, ಆದರೂ ದಿನಕ್ಕೆ ಹತ್ತು ಬ್ರಾಂಚ್ ಮಾಡುವ ತಂಡಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ಸರ್ವರ್ ಬಿದ್ದರೆ ಕಮಿಟ್ ಕೂಡ ಇಲ್ಲ.

ಪರ್ಫೋರ್ಸ್ ಮತ್ತು ಉಳಿದವು

1995ರಿಂದ ಇರುವ ಪರ್ಫೋರ್ಸ್ ಗೇಮ್ ಸ್ಟುಡಿಯೋಗಳಿಗೆ ಅಚ್ಚುಮೆಚ್ಚು, ಕಾರಣವೂ ಇದೆ. ತಿದ್ದುವ ಮೊದಲು ಎಡಿಟ್ ಅಂತ ಸರ್ವರ್‌ಗೆ ಹೇಳಲೇಬೇಕು. ಆ ಕ್ಷಣದಲ್ಲೇ ಇನ್ಯಾರು ಅದನ್ನು ತೆರೆದಿದ್ದಾರೆ ಅಂತ ಕಾಣುತ್ತದೆ. ಕೋಡ್ ಫೈಲಿಗೆ ಆ ಸುದ್ದಿಯೇ ಸಾಕು, ಬೀಗ ಬೇಡ. ಅಸೆಟ್ ಫೈಲಿಗೆ ಬೀಗ ಬೇಕಾದರೆ ಫೈಲ್ ಟೈಪಿಗೆ ಪ್ಲಸ್-ಎಲ್ ಸೇರಿಸಿ, ಒಬ್ಬರು ತೆರೆದರೆ ಇನ್ನೊಬ್ಬರಿಗೆ ತೆರೆಯಲು ಬರುವುದಿಲ್ಲ. ಪಿ4 ಲಾಕ್ ಅನ್ನೋ ಕಮಾಂಡ್ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಅದು ಬೇರೆಯವರು ಸಬ್ಮಿಟ್ ಮಾಡುವುದನ್ನು ತಡೆಯುತ್ತದೆ, ತಿದ್ದುವುದನ್ನಲ್ಲ. ಮಾಡೆಲ್ ಫೈಲಿಗೆ ಅದರಿಂದ ಪ್ರಯೋಜನ ಕಡಿಮೆ. ಐದು ಜನರವರೆಗಿನ ತಂಡಕ್ಕೆ ಉಚಿತವಾಗಿ ಸಿಗುತ್ತದೆ, ಅದರಾಚೆ ಹಣ ಕೊಡಬೇಕು. ಸರ್ವರ್ ನೋಡಿಕೊಳ್ಳಲು ಒಬ್ಬರು ಬೇಕು ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ಲಾಸ್ಟಿಕ್ ಎಸ್‌ಸಿಎಂ ಅನ್ನು ಯೂನಿಟಿ 2020ರಲ್ಲಿ ಕೊಂಡುಕೊಂಡಿತು. ಯೂನಿಟಿಯಲ್ಲೇ ಗೇಮ್ ಮಾಡುವವರು ಅದನ್ನೊಮ್ಮೆ ನೋಡಬಹುದು. ಗಿಟ್‌ನ ಜೊತೆಗೇ 2005ರಲ್ಲಿ ಹುಟ್ಟಿದ ಮರ್ಕ್ಯೂರಿಯಲ್ ಕಲಿಯಲು ಸುಲಭ, ಆದರೆ ಹೊಸ ತಂಡ ಇವತ್ತು ಅದನ್ನು ಆರಿಸಲು ಬಲವಾದ ಕಾರಣ ನನಗೆ ಕಾಣುತ್ತಿಲ್ಲ. ಸುತ್ತಲಿನ ಟೂಲ್‌ಗಳೆಲ್ಲ ಗಿಟ್ ಕಡೆ ವಾಲಿವೆ.

ಕೋಡಿಗೇ ಲಾಕ್ ಬೇಕು ಅನ್ನಿಸುತ್ತಿದ್ದರೆ

ಕೋಡ್ ತಂಡದಲ್ಲಿ "ಲಾಕ್ ಹಾಕೋಣ" ಅನ್ನೋ ಮಾತು ಬಂದರೆ ಟೂಲ್ ಹುಡುಕಲು ಹೋಗಬೇಡಿ. ಅದು ಬೇರೆ ರೋಗದ ಲಕ್ಷಣ. ಮೂರು ವಾರ ಮರ್ಜ್ ಆಗದೆ ಬಿದ್ದಿರುವ ಬ್ರಾಂಚ್, ಎಲ್ಲರೂ ದಿನಾ ಮುಟ್ಟಲೇಬೇಕಾದ ಒಂದು ದೈತ್ಯ ಫೈಲ್, ಇಡೀ ರೆಪೊವನ್ನು ಯಾರಿಗೂ ಹೇಳದೆ ಫಾರ್ಮ್ಯಾಟ್ ಮಾಡಿದ ಒಬ್ಬ ಉತ್ಸಾಹಿ. ಹುಡುಕಿದರೆ ಇವುಗಳಲ್ಲಿ ಒಂದು ಸಿಗುತ್ತದೆ. ಬ್ರಾಂಚನ್ನು ಒಂದೆರಡು ದಿನಕ್ಕೆ ಇಳಿಸಿ. ಫೈಲನ್ನು ಒಡೆಯಿರಿ. ಫಾರ್ಮ್ಯಾಟ್ ಬದಲಾವಣೆ ಪ್ರತ್ಯೇಕ ಕಮಿಟ್ ಆಗಿರಲಿ, ಬೇರೆಯವರ ಬ್ರಾಂಚ್‌ಗಳು ಕಡಿಮೆ ಇರುವ ದಿನ ನೋಡಿ ಮಾಡಿ. ಯಾವ ಸಾಲನ್ನು ಯಾರು ಬದಲಾಯಿಸಿದರು ಅಂತ ತೋರಿಸುವ ಗಿಟ್ ಬ್ಲೇಮ್‌ಗೆ 2019ರಿಂದ ಇಂಥ ಕಮಿಟ್‌ಗಳನ್ನು ಬಿಟ್ಟು ನೋಡು ಅಂತ ಪಟ್ಟಿ ಕೊಡಬಹುದು.

ಬೀಗ ಬೇಕಾದ ಒಂದು ಜಾಗ ಇದೆ. ಅದು ಮೇನ್ ಬ್ರಾಂಚ್. ನೇರ ಪುಶ್ ಬೇಡ, ರಿವ್ಯೂ ಆಗಿ ಟೆಸ್ಟ್ ಪಾಸಾದರೆ ಮಾತ್ರ ಒಳಗೆ. ತಂಡ ದೊಡ್ಡದಾದರೆ ಮರ್ಜ್ ಕ್ಯೂ ಹಾಕಿ. ಅದು ನಿಮ್ಮ ಬದಲಾವಣೆಯನ್ನು ಮುಂದಿರುವವರ ಬದಲಾವಣೆ ಜೊತೆ ಸೇರಿಸಿ ಟೆಸ್ಟ್ ಓಡಿಸಿ ಆಮೇಲೆ ಒಳಗೆ ಬಿಡುತ್ತದೆ. ಮೇಲೆ ಹೇಳಿದ ಮಿಲಿಸೆಕೆಂಡ್ ಬಗ್ ಸಿಗುವುದಿದ್ದರೆ ಇಲ್ಲೇ, ಅದಕ್ಕೆ ಟೆಸ್ಟ್ ಬರೆದಿದ್ದರೆ.

ಆಯ್ಕೆ

ಬರೀ ಕೋಡ್, ಜೊತೆಗೆ ಸಣ್ಣಪುಟ್ಟ ಚಿತ್ರಗಳು: ಗಿಟ್, ಲಾಕ್ ಯೋಚನೆಯೇ ಬೇಡ. ಕೋಡ್ ಜಾಸ್ತಿ, ಒಂದಷ್ಟು ವಿನ್ಯಾಸದ ಫೈಲ್‌ಗಳು: ಗಿಟ್ ಜೊತೆ ಎಲ್‌ಎಫ್‌ಎಸ್, ಆ ಬಗೆಯ ಫೈಲ್‌ಗಳಿಗೆ ಮಾತ್ರ ಲಾಕ್. ಅಸೆಟ್‌ಗಳೇ ಜಾಸ್ತಿ, ಕಲಾವಿದರು ಪ್ರೋಗ್ರಾಮರ್‌ಗಳಿಗಿಂತ ಹೆಚ್ಚು: ಪರ್ಫೋರ್ಸ್, ಬಜೆಟ್ ಇಲ್ಲದಿದ್ದರೆ ಸಬ್‌ವರ್ಷನ್. ಕಲಾವಿದರಿಗೆ ಗಿಟ್‌ನ ರೀಬೇಸ್ ಕಮಾಂಡ್ ಅಂದರೇನು ಅಂತ ಪಾಠ ಮಾಡುವುದಕ್ಕಿಂತ ಅದು ಅಗ್ಗ.

ಈಗಾಗಲೇ ಸಬ್‌ವರ್ಷನ್‌ನಲ್ಲಿದ್ದು ಕೆಲಸ ಸುಸೂತ್ರ ನಡೆಯುತ್ತಿದ್ದರೆ ಫ್ಯಾಷನ್‌ಗಾಗಿ ಬದಲಾಯಿಸಬೇಡಿ. ಬದಲಾಯಿಸಲೇಬೇಕು ಅಂದರೆ ಒಂದು ಚಿಕ್ಕ ಪ್ರಾಜೆಕ್ಟಿನಿಂದ ಶುರು ಮಾಡಿ. ಸಬ್‌ವರ್ಷನ್ ರೆಪೊವನ್ನು ಗಿಟ್‌ಗೆ ತರುವ ಗಿಟ್ ಎಸ್‌ವಿಎನ್ ಕಮಾಂಡ್ ಬಳಸಿದರೆ ಹಳೆಯ ಇತಿಹಾಸವೂ ಜೊತೆಗೆ ಬರುತ್ತದೆ. ಬಳಕೆದಾರರ ಹೆಸರು ಮತ್ತು ಇಮೇಲ್ ಜೋಡಿಸುವ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ನೀಡ್ಸ್-ಲಾಕ್ ಗುಣ ಮಾತ್ರ ದಾಟಿ ಬರುವುದಿಲ್ಲ, ಯಾವ ಫೈಲಿಗೆ ಅದಿತ್ತು ಅಂತ ಮುಂಚೆಯೇ ಬರೆದಿಟ್ಟು ಹೊಸ ಕಡೆ ಲಾಕೆಬಲ್ ಮಾಡಬೇಕು. ದಾಟಿದ ದಿನವೇ ಹಳೆಯ ಸರ್ವರ್‌ನಲ್ಲಿ ಕಮಿಟ್ ತಡೆಯುವ ಹುಕ್ ಹಾಕಿಬಿಡಿ. ಇಲ್ಲದಿದ್ದರೆ ಅಭ್ಯಾಸ ಬಲದಿಂದ ಒಬ್ಬರಾದರೂ ಅಲ್ಲೇ ಕಮಿಟ್ ಮಾಡುತ್ತಾರೆ, ವಾರ ಕಳೆದ ಮೇಲೆ ಆ ಬದಲಾವಣೆ ಎಲ್ಲಿ ಹೋಯಿತು ಅಂತ ಎಲ್ಲರೂ ಹುಡುಕುತ್ತಾ ಕೂರಬೇಕಾಗುತ್ತದೆ.